ನೋಡುವುದೂ ನೋಡಿಕೊಳ್ಳುವುದೂ

1948ರವರೆಗೆ ನಿಜಾಮರ ಆಳ್ವಿಕೆಗೊಳಪಟ್ಟಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮನೆಗೆ ಕನ್ನಡ, ಕಚೇರಿಗೆ ಉರ್ದು. ಇಂಗ್ಲಿಷು ಆಮೇಲಿನ ನೆಂಟ. ಇಂದಿಗೂ ಅಲ್ಲಿಯ ಹುಡುಗನೊಬ್ಬನು ‘ಲುಕ್’ ಎಂದರೆ ನೋಡು, ‘ಆಫ್ಟರ್’ ಎಂದರೆ ಬಳಿಕ ಎಂದು ಬಿಡಿಬಿಡಿಯಾಗಿ ಕಲಿತು, ‘ಲುಕ್ ಆಫ್ಟರ್ ಯುವರ್ ಮದರ್’ ಎಂಬುದನ್ನು ‘ತಾಯಿಯನ್ನು ಬಳಿಕ ನೋಡು’ ಎಂದು ತಿಳಿದನೆನ್ನಿ. ಹೇಳಿದ್ದು ಸೇವೆ, ತಿಳಿದದ್ದು ಉಪೇಕ್ಷೆ!

ಅದೇ ಹುಡುಗನಿಗೆ ಅಜ್ಜಿಯು ‘ನಿಮ್ಮವ್ವನ್ನ ನೋಡ್ಕೋಪಾ’ ಎಂದರೆ ಅವನು ತಪ್ಪಲಾರನು. ‘ನೋಡು’ವಿಗೆ ‘ಕೊಳ್ಳು’ ಸೇರಿದೊಡನೆ ಅದು ಪಾಲನೆಯಾಗುವುದು. ಹಾಗೆಯೇ ‘ಗಿವ್’ ಎಂಬ ಕೊಡುವಿಕೆಯು ‘ಅಪ್’ ಸೇರಿದರೆ ಬಿಟ್ಟುಬಿಡುವುದು, ‘ಇನ್’ ಸೇರಿದರೆ ಮಣಿಯುವುದು. ಇಂಗ್ಲಿಷು ಉಪಪದದಿಂದ ಸಾಧಿಸುವುದನ್ನು ಕನ್ನಡವು ಹಲವೆಡೆ ಸಹಾಯಕ್ರಿಯೆಯಿಂದ ಸಾಧಿಸುವುದು. ನಿಘಂಟು ಕೈಕೊಟ್ಟಲ್ಲಿ ಮನೆಮಾತೇ ಕೈಹಿಡಿಯುವುದು.