ಚಿಕ್ಕವ್ವನ ಕೆಂಪು ಮುಖ

ಸಾತನೂರಿನ ನಮ್ಮ ಚಿಕ್ಕವ್ವನ ಮುಖ ಕೆಂಪಗೆ ಉರಿಯೋದಕ್ಕೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳೋರು. ಪಿತ್ತ, ಒಲೆ ಝಳ, ರೇಷ್ಮೆ ಹುಳು ಮನೆಗೆ ಹೊಡೆಯೋ ಔಷಧಿ, ಕೊನೆಗೆ ಕಬ್ಬಾಳಮ್ಮನ ಹರಕೆ ಬಾಕಿ. ಕನಕಪುರದ ಚರ್ಮದ ಡಾಕ್ಟರು ಕೇಳಿದ್ದು ಒಂದೇ: "ಮುಖಕ್ಕೆ ಏನು ಹಚ್ತೀರಾ?"

ಬಂಗು ಹೋಗಲಿ ಅಂತ ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮು, ಎರಡು ವರ್ಷದಿಂದ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಮೊದಮೊದಲು ಮುಖ ತಿಳಿಯಾಗುತ್ತೆ, ನಾಲ್ಕು ಜನ ಹೊಗಳ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಹಿಗ್ಗಿ, ರೊಸೇಶಿಯಾದಂಥದೇ ಕೆಂಪು, ಗುಳ್ಳೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು ಎಂದಿತು. ಚಿಕ್ಕವ್ವನ ಹತ್ರ ಯಾರೂ ಚೀಟಿ ಕೇಳಲಿಲ್ಲ.

ಕಷ್ಟ ಇರೋದು ಬಿಡೋದರಲ್ಲಿ. ನಿಲ್ಲಿಸಿದ ವಾರದಲ್ಲೇ ಮುಖ ಊದಿಕೊಂಡು ಉರಿ ದುಪ್ಪಟ್ಟಾಯ್ತು. ಮುಂದಿನ ತಿಂಗಳೇ ಮಗನ ಮದುವೆ ಬೇರೆ. "ಒಂದೇ ಒಂದ್ಸಲ ಹಚ್ಕತೀನಿ ಕಣವ್ವ, ಮದ್ವೆ ಮುಗೀಲಿ" ಅಂದಳು. ಹಚ್ಚಿದರೆ ಉರಿ ಬೇಗ ತಣ್ಣಗಾಗುತ್ತೆ ನಿಜ, ಜನ ಮತ್ತೆ ಮತ್ತೆ ಅದಕ್ಕೇ ಕೈ ಹಾಕೋದು. ಟ್ಯೂಬನ್ನು ಎತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಉಳಿದದ್ದು ಡಾಕ್ಟರು ಬರೆದ ಡಾಕ್ಸಿಸೈಕ್ಲಿನ್ ಮಾತ್ರೆ, ಮೆಟ್ರೊನಿಡಜೋಲ್ ಜೆಲ್, ಸನ್‌ಸ್ಕ್ರೀನು, ಬಿಸಿಲಿಗೆ ಹೋದರೆ ತಲೆ ಮೇಲೆ ಸೆರಗು. ಬಿಸಿಬಿಸಿ ಮುದ್ದೆ, ಖಾರದ ಬಸ್ಸಾರು ಕೆಂಪನ್ನು ಕೆರಳಿಸುತ್ತೆ, ಆರಿಸಿ ಉಣ್ಣಿ ಅಂದದ್ದಕ್ಕೆ ಮಾತ್ರ ಸಿಟ್ಟು ಬಂತು: "ಆರಿದ್ ಮುದ್ದೆ ಯಾರ್ ತಿಂತಾರೆ!"

ಮದುವೆ ಫೋಟೋಗಳಲ್ಲಿ ಚಿಕ್ಕವ್ವನ ಮುಖ ಟೊಮೇಟೊ ಹಣ್ಣು. ಕೆಂಪು ಇಳಿಯೋಕೆ ಇನ್ನೂ ಮೂರು ತಿಂಗಳು ಹಿಡಿಯಿತು. ಮೂಗಿನ ಪಕ್ಕದ ಸಣ್ಣ ಕೆಂಪು ಗೆರೆಗಳು ಹಾಗೇ ಇವೆ.