ಔಷಧದಾನವೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ಶ್ರಾವಕರ ಮನೆಯ ಮಕ್ಕಳು ಬಾಲ್ಯದಿಂದಲೇ ಕೇಳಿರುತ್ತಾರೆ. ಅವುಗಳನ್ನು ಬೇರೆ ಬೇರೆಯಾಗಿ ಎಣಿಸುವುದು ರೂಢಿ. ಆದರೆ ಒಂದರೊಡನೆ ಇನ್ನೊಂದು ಕೂಡದಿದ್ದರೆ ಕೊಟ್ಟದ್ದು ನಿಷ್ಫಲವಾಗುವ ಸಂದರ್ಭಗಳೂ ಉಂಟು. ಎಚ್.ಐ.ವಿ. ಸೋಂಕಿನ ಚಿಕಿತ್ಸೆ ಅಂಥ ಒಂದು ಸಂದರ್ಭ.

ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಕುಮುದ್ವತಿ ನದಿಗೆ ಕಟ್ಟಿದ ಜಲಾಶಯವಿದೆ. ಜಲಾಶಯ ತುಂಬಿದ ಮಾತ್ರಕ್ಕೆ ಕೊನೆಯ ಗದ್ದೆ ನೆನೆಯದು. ನಡುವಿನ ಕಾಲುವೆ ಎಲ್ಲಿಯೂ ಒಡೆಯದಿರಬೇಕು. ಇದನ್ನು ಆ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಔಷಧದ ದಾರಿಯೂ ಹಾಗೆಯೇ.

2004ರ ಏಪ್ರಿಲ್ 1ರಿಂದ ಭಾರತ ಸರಕಾರವು ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲಾರಂಭಿಸಿತು. ಇಂದು ಹೆಚ್ಚಿನವರಿಗೆ ಮೂರು ಔಷಧಗಳು ಕೂಡಿದ ಒಂದೇ ಮಾತ್ರೆ, ದಿನಕ್ಕೊಮ್ಮೆ ಸಾಕು. ನೂರರಲ್ಲಿ 95ಕ್ಕೆ ಕಡಿಮೆಯಿಲ್ಲದಂತೆ ಮಾತ್ರೆ ಹೊಟ್ಟೆ ಸೇರಬೇಕೆಂಬುದು ಚಿಕಿತ್ಸಾ ನಿಯಮ. ತಿಂಗಳ 30ರಲ್ಲಿ ಎರಡು ತಪ್ಪಿದರೂ ಲೆಕ್ಕ 93ಕ್ಕೆ ಇಳಿಯುತ್ತದೆ. ಪದೇ ಪದೇ ತಪ್ಪಿದಲ್ಲಿ ವೈರಾಣು ಔಷಧಕ್ಕೆ ಮಣಿಯದಂತೆ ಮಾರ್ಪಡಬಹುದು. ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತರೆ, ದಾಂಪತ್ಯ ಸಂಬಂಧದಿಂದಲೂ ಸೋಂಕು ಹರಡದು.

ಕಾಲುವೆ ಒಡೆದ ದಿನಗಳೂ ಇವೆ. 2020ರಲ್ಲಿ ಸಂಚಾರ ನಿಂತಾಗ ಹಲವು ತಿಂಗಳ ಮಾತ್ರೆಗಳನ್ನು ಒಮ್ಮೆಲೇ ಕೊಡುವ ಏರ್ಪಾಡನ್ನು ಮಾಡಬೇಕಾಯಿತು. 2022ರ ಜುಲೈನಲ್ಲಿ ಔಷಧದ ಕೊರತೆಯನ್ನು ಪ್ರತಿಭಟಿಸಿ ಸೋಂಕಿತರೇ ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಲ್ಲಿ ಧರಣಿ ಕುಳಿತರು. ಇವು ಕಣ್ಣಿಗೆ ಕಾಣುವ ಒಡಕುಗಳು. ಕಾಣದ ಇನ್ನೊಂದು ಒಡಕು ಮನೆಯೊಳಗಿದೆ.

ಅಂಜನಾಪುರದ ಕಡೆಯ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಮಾತ್ರೆ ಶಿಕಾರಿಪುರದಲ್ಲಿಯೇ ದೊರೆಯುವಂತಿದ್ದರೂ ಆತ ಅಲ್ಲಿ ಸಾಲಿನಲ್ಲಿ ನಿಲ್ಲಲಾರ. ಗುರುತಿನವರು ಕಂಡಾರೆಂಬ ಭಯ. ಐವತ್ತು ಕಿಲೋಮೀಟರಿನಷ್ಟು ದೂರದ ಶಿವಮೊಗ್ಗಕ್ಕೆ ಹೋಗುತ್ತಾನೆ. ಒಂದು ದಿನದ ಕೂಲಿಯೂ ಬಸ್ಸಿನ ಹಣವೂ ಹೋಗುತ್ತವೆ. ಹಣವಿಲ್ಲದ ತಿಂಗಳು ಪ್ರಯಾಣ ಮುಂದಕ್ಕೆ ಬೀಳುತ್ತದೆ. ಮನೆಗೆ ನೆಂಟರು ಬಂದಾಗ ಡಬ್ಬಿ ಹೊರಬರುವುದಿಲ್ಲ. ಪರ್ವದ ದಿನಗಳಲ್ಲಿ ಎಲ್ಲರೂ ನಿರ್ಜಲ ಉಪವಾಸವಿದ್ದರೆ, ತಾನೊಬ್ಬನೇ ನೀರು ಕುಡಿಯುವುದು ಹೇಗೆ? ಕಾರಣ ಹೇಳಲಾರ, ಹೇಳದೆ ಮಾತ್ರೆ ನುಂಗಲಾರ.

ಇಲ್ಲಿ ಧರ್ಮವು ಅಡ್ಡಿಯಾಗಬೇಕಾಗಿಲ್ಲ. ಹಿಂದೆ ಬಳಕೆಯಲ್ಲಿದ್ದ ಎಫಾವಿರೆಂಜ್ ಸೇರಿದ ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಸೇವಿಸಬೇಕಾಗಿತ್ತು. ರಾತ್ರಿಭೋಜನ ತ್ಯಾಗಿಗಳಿಗೆ ಅದು ಇಕ್ಕಟ್ಟು. ಈಗಿನ ಡೋಲುಟೆಗ್ರಾವಿರ್ ಸೇರಿದ ಮಾತ್ರೆಯನ್ನು ಊಟದೊಡನೆಯಾಗಲಿ ಬರಿಹೊಟ್ಟೆಯಲ್ಲಾಗಲಿ ಸೇವಿಸಬಹುದು. ವೈದ್ಯರನ್ನು ಕೇಳಿ ಹಗಲಿನಲ್ಲಿಯೇ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಬಹುದು. ಶಕ್ತಿಯನ್ನರಿತು ತಪವನ್ನಾಚರಿಸುವುದು ಷೋಡಶಕಾರಣ ಭಾವನೆಗಳಲ್ಲಿಯೇ ಒಂದು. ರೋಗಿಯಾದವನು ನೀರಿನೊಡನೆ ಮಾತ್ರೆ ನುಂಗಿದರೆ ಅವನ ಶ್ರದ್ಧೆಗೆ ಕುಂದೇನೂ ಬಾರದು. ಏಕೆಂದು ಮನೆಯವರು ಕೆದಕಿ ಕೇಳದಿರುವುದೂ ಒಂದು ವ್ರತವೇ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಬಡರೋಗಿಗಳಿಗೆ ಪ್ರಯಾಣವೆಚ್ಚವನ್ನು ಕೊಡುವ ನಿಧಿಯಿದ್ದರೆ ಅದರ ಪುಸ್ತಕದಲ್ಲಿ ರೋಗದ ಹೆಸರಿಗೆ ಕಾಲಂ ಬೇಕಾಗಿಲ್ಲ. ನೆರವು ಪಡೆದವರನ್ನು ವೇದಿಕೆಗೆ ಕರೆದು ಭಾವಚಿತ್ರ ತೆಗೆಸುವ ಪದ್ಧತಿಯಂತೂ ಇಲ್ಲಿ ಸಲ್ಲದು. ಕಾನೂನೂ ಇದನ್ನೇ ಹೇಳುತ್ತದೆ. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಸೋಂಕಿತರ ಗೋಪ್ಯತೆಯನ್ನು ರಕ್ಷಿಸುತ್ತದೆ. ಸೋಂಕಿನ ನೆಪದಲ್ಲಿ ಉದ್ಯೋಗದಲ್ಲಿ ಭೇದವೆಣಿಸುವುದನ್ನು ನಿಷೇಧಿಸುತ್ತದೆ.

ಮಾತ್ರೆಯನ್ನು ಸರಕಾರ ಕೊಡುತ್ತಿದೆ. ಅದನ್ನು ನಾಲ್ವರ ಎದುರು ನಿರ್ಭಯವಾಗಿ ನುಂಗುವ ಧೈರ್ಯವನ್ನು ಸರಕಾರ ಕೊಡಲಾರದು. ಅದನ್ನು ಕೊಡಬೇಕಾದವರು ಮನೆಯವರು, ನೆರೆಯವರು, ಸಮಾಜದವರು. ಹಣವಿಲ್ಲದವರೂ ಮಾಡಬಹುದಾದ ದಾನವೆಂದರೆ ಅಭಯದಾನ. ಈ ರೋಗದಲ್ಲಿ ಔಷಧದಾನವು ಪೂರ್ಣವಾಗುವುದು ಅದರಿಂದಲೇ.