ಲೋಕಲ್ ಅಂದ್ರೆ ಕಳಪೆಯಾ?

ಅಂಗಡಿಯಲ್ಲಿ ಮೊಬೈಲ್ ಚಾರ್ಜರ್ ಕೇಳಿದರೆ ‘ಕಂಪನಿದು ಕೊಡ್ಲಾ, ಲೋಕಲ್ ಸಾಕಾ?’ ಅಂತಾರೆ. ಲೋಕಲ್ ಅಂದ್ರೆ ಅಗ್ಗದ್ದು, ಬೇಗ ಕೆಡೋದು ಅಂತ ಕೊಡುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ತಮಾಷೆ ನೋಡಿ, ಆ ಚಾರ್ಜರ್ ನಮ್ಮ ತಾಲ್ಲೂಕಲ್ಲಿ ತಯಾರಾದದ್ದೇ ಅಲ್ಲ!

ಈ ಪದದ ಹುಟ್ಟಿನಲ್ಲಿ ಕಳಪೆ ಅನ್ನೋ ಅರ್ಥವೇ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಲೋಕಸ್’ ಅಂದ್ರೆ ಜಾಗ. ಅದರಿಂದ ‘ಲೋಕಾಲಿಸ್’ ಆಯ್ತು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ‘ಲೋಕಲ್’ ಆಯ್ತು. ನಾವು ವಾಟ್ಸಾಪಲ್ಲಿ ಕಳಿಸೋ ‘ಲೊಕೇಶನ್’ ಕೂಡ ಅದೇ ಬಳ್ಳಿಯ ಕಾಯಿ. ನಮ್ಮ ‘ಲೋಕ’ಕ್ಕೂ ಇದಕ್ಕೂ ನಂಟಿರಬಹುದು ಅನಿಸುತ್ತೆ. ಆದರೆ ಇಲ್ಲ. ಸಂಸ್ಕೃತದ ‘ಲೋಕ’ದ ಬೇರು ಬೇರೆ, ಸದ್ದು ಮಾತ್ರ ಹತ್ತಿರ.

ಡಾಕ್ಟರು ‘ಲೋಕಲ್ ಅನಸ್ತೇಶಿಯಾ’ ಅಂದ್ರೆ ಅಗ್ಗದ ಮದ್ದು ಅಂತಲ್ಲ, ಆ ಜಾಗವನ್ನಷ್ಟೇ ಮರಗಟ್ಟಿಸೋದು. ‘ಲೋಕಲ್ ಬಾಡಿ ಎಲೆಕ್ಷನ್’ ಅಂದ್ರೆ ನಮ್ಮ ಪಂಚಾಯಿತಿ ಚುನಾವಣೆ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟಿತು. ಜಗಳದಲ್ಲಿ ‘ನಾನು ಲೋಕಲ್ ಕಣೋ’ ಅಂದ್ರೆ ಅದು ಧಮಕಿ. ಒಂದೇ ಪದ, ಬಾಯಿ ಬದಲಾದಂತೆ ಬೆಲೆಯೂ ಬದಲು.

ಕನ್ನಡದಲ್ಲೂ ಇದೇ ಅರ್ಥಕ್ಕೆ ಹತ್ತಿರದ ಪದಗಳಿವೆ: ನಾಟಿ, ಜವಾರಿ. ಅವಕ್ಕೆ ಮರ್ಯಾದೆ ಜಾಸ್ತಿ. ಫಾರಂ ಕೋಳಿಗಿಂತ ನಾಟಿ ಕೋಳಿಗೆ ರೇಟು ಹೆಚ್ಚು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅಂದ್ರೆ ಆ ಹೆಸರು ಆ ಸೀಮೆಯದು, ಬೇರೆ ಕಡೆಯ ಕಾಯಿಗೆ ಆ ಹೆಸರಿಟ್ಟು ಮಾರುವ ಹಾಗಿಲ್ಲ. ಅಲ್ಲಿ ‘ಈ ಊರಿನದು’ ಅನ್ನೋದೇ ಗುಣಮಟ್ಟದ ಗುರುತು.

ಹಾಗಿದ್ದರೂ ಸುದ್ದಿಯ ವಿಷಯಕ್ಕೆ ಬಂದಾಗ ಲೋಕಲ್ ಮತ್ತೆ ಕೆಳಗಿಳಿಯುತ್ತೆ. ಬೆಂಗಳೂರಿನ ನಲ್ಲಿಯಲ್ಲಿ ನೀರು ನಿಂತರೆ ರಾಜ್ಯದ ಸುದ್ದಿ. ಹಳ್ಳಿಯ ಬೋರ್‌ವೆಲ್ ಬತ್ತಿ, ಹೆಂಗಸರು ಎರಡು ಮೈಲಿ ಕೊಡ ಹೊತ್ತರೆ ‘ಲೋಕಲ್ ಮ್ಯಾಟರ್’, ಜಿಲ್ಲಾ ಪುಟದ ಮೂಲೆಗೆ. ಪತ್ರಿಕೋದ್ಯಮ ಓದಿ ಊರಲ್ಲೇ ಬರೆಯುವ ನಮ್ಮನ್ನೂ ‘ಅವರು ಲೋಕಲ್ ರಿಪೋರ್ಟರು ಬಿಡಿ’ ಅಂತಾರೆ.

ಆ ‘ಬಿಡಿ’ ಒಂದನ್ನು ತೆಗೆದರೆ ನಮಗೆ ತಕರಾರಿಲ್ಲ. ಬೆಂಗಳೂರೂ ಒಂದು ಜಾಗ, ಅಲ್ಲಿರುವವರಿಗೆ ಅದು ಲೋಕಲ್ಲೇ. ಎಲ್ಲ ಸುದ್ದಿಯೂ ಮೊದಲು ಯಾವುದೋ ಒಂದು ಊರಿನ ಸುದ್ದಿಯೇ. ನಮ್ಮದು ಈ ಊರಿನದು, ಅಷ್ಟೇ.